ಹೆಚ್ಚು ಮತ ಪಡೆದವರು ಗೆಲ್ಲುವುದರಲ್ಲಿ ತಪ್ಪೇನಿದೆ?

ಓದುಗರ ಪ್ರಶ್ನೆ: ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಇಷ್ಟು ಸರಳವೂ ನ್ಯಾಯಯುತವೂ ಆದ ಪದ್ಧತಿಯನ್ನು ಬದಲಿಸಬೇಕೆಂದು ಕೆಲವರು ವಾದಿಸುವುದೇಕೆ?

ಉತ್ತರ: ಸರಳ ಎಂಬುದನ್ನು ಒಪ್ಪೋಣ, ನ್ಯಾಯಯುತ ಎಂಬುದನ್ನು ಒಪ್ಪುವುದು ಕಷ್ಟ. ‘ಎಲ್ಲರಿಗಿಂತ ಹೆಚ್ಚು’ ಎಂದರೆ ‘ಅರ್ಧಕ್ಕಿಂತ ಹೆಚ್ಚು’ ಎಂದಲ್ಲ. ಐವರು ಕಣದಲ್ಲಿದ್ದು ಮತಗಳು ಹಂಚಿಹೋದರೆ, ನೂರಕ್ಕೆ 28 ಮತ ಪಡೆದವರೂ ಗೆಲ್ಲಬಹುದು. ಉಳಿದ 72 ಮತಗಳಿಗೆ ಸದನದಲ್ಲಿ ಯಾವ ಬೆಲೆಯೂ ಸಿಗುವುದಿಲ್ಲ.

ಈ ದೋಷ ದೇಶದಾದ್ಯಂತ ಕೂಡಿಕೊಂಡಾಗ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ 2024ರ ಚುನಾವಣೆಯಲ್ಲಿ ನೋಡಬಹುದು. ಲೇಬರ್ ಪಕ್ಷ ಶೇ 33.7ರಷ್ಟು ಮತ ಪಡೆದು 650 ಸ್ಥಾನಗಳಲ್ಲಿ 411ನ್ನು ಗೆದ್ದಿತು. ಶೇ 14.3ರಷ್ಟು ಮತ ಪಡೆದ ರಿಫಾರ್ಮ್ ಪಕ್ಷಕ್ಕೆ 5 ಸ್ಥಾನಗಳು ಸಿಕ್ಕರೆ, ಅದಕ್ಕಿಂತ ಕಡಿಮೆ, ಅಂದರೆ ಶೇ 12.2ರಷ್ಟು ಮತ ಪಡೆದ ಲಿಬರಲ್ ಡೆಮಾಕ್ರಾಟ್ ಪಕ್ಷಕ್ಕೆ 72 ಸಿಕ್ಕವು. ಮೊದಲನೆಯದರ ಬೆಂಬಲ ದೇಶದ ತುಂಬ ತೆಳುವಾಗಿ ಹರಡಿತ್ತು, ಎರಡನೆಯದರದು ಕೆಲವೆಡೆ ಒತ್ತಾಗಿತ್ತು. ರಿಫಾರ್ಮ್ ಪಕ್ಷದ ನಿಲುವು ನಮಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದು ಬೇರೆ ಮಾತು. ಅದಕ್ಕೆ ಮತ ಹಾಕಿದವರೂ ಮತದಾರರೇ.

ಕೆಲವೊಮ್ಮೆ ಫಲಿತಾಂಶವೇ ತಲೆಕೆಳಗಾಗುತ್ತದೆ. ನ್ಯೂಜಿಲೆಂಡಿನಲ್ಲಿ 1978 ಮತ್ತು 1981ರಲ್ಲಿ ಲೇಬರ್ ಪಕ್ಷ ಹೆಚ್ಚು ಮತ ಪಡೆದರೂ ಸರ್ಕಾರ ರಚಿಸಿದ್ದು ನ್ಯಾಷನಲ್ ಪಕ್ಷ. ಕೊನೆಗೆ 1993ರ ಜನಮತಗಣನೆಯಲ್ಲಿ ಜನರು ಮಿಶ್ರ ಪದ್ಧತಿಯನ್ನು ಆರಿಸಿಕೊಂಡರು. 1996ರಿಂದ ಅಲ್ಲಿನ ಮತದಾರರು ಎರಡು ಮತ ಹಾಕುತ್ತಾರೆ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಒಟ್ಟು ಸ್ಥಾನಗಳಲ್ಲಿ ಯಾವ ಪಕ್ಷದ ಪಾಲು ಎಷ್ಟು ಎಂಬುದನ್ನು ಪಕ್ಷಕ್ಕೆ ಬಿದ್ದ ಮತವೇ ನಿರ್ಧರಿಸುತ್ತದೆ. ಶೇ 5ರಷ್ಟು ಮತವಾಗಲಿ ಒಂದು ಕ್ಷೇತ್ರವಾಗಲಿ ಗೆಲ್ಲದ ಪಕ್ಷಕ್ಕೆ ಈ ಪಾಲು ಇಲ್ಲ.

ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚಿದರೆ ಸರ್ಕಾರಗಳು ಅಸ್ಥಿರವಾಗುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕನಿಷ್ಠ ಮತದ ಮಿತಿ ಶೇ 3.25 ಮಾತ್ರ ಇರುವ ಇಸ್ರೇಲಿನಲ್ಲಿ 2019ರಿಂದ 2022ರೊಳಗೆ ಐದು ಚುನಾವಣೆಗಳು ನಡೆದವು. ಆದರೆ ಹಳೆಯ ಪದ್ಧತಿಯೂ ಸ್ಥಿರತೆಗೆ ಖಾತರಿ ಕೊಡುವುದಿಲ್ಲ. ಕೆನಡಾದಲ್ಲಿ 2019 ಮತ್ತು 2021ರಲ್ಲಿ ಅದರಿಂದಲೇ ಅಲ್ಪಮತದ ಸರ್ಕಾರಗಳು ಬಂದವು. ಇನ್ನು, ಕ್ಷೇತ್ರದೊಡನೆ ಪ್ರತಿನಿಧಿಯ ನಂಟು ಕಡಿದುಹೋಗುತ್ತದೆ ಎನ್ನುವವರು ಐರ್ಲೆಂಡಿನತ್ತ ನೋಡಬಹುದು. ಅಲ್ಲಿ ಒಂದು ಕ್ಷೇತ್ರದಿಂದ ಹಲವರು ಆಯ್ಕೆಯಾಗುತ್ತಾರೆ, ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಆದ್ಯತೆ ಕೊಡುತ್ತಾರೆ. ಈ ಪದ್ಧತಿಯನ್ನು ಕೈಬಿಡುವ ಪ್ರಸ್ತಾವವನ್ನು ಐರಿಶ್ ಜನರು 1959 ಮತ್ತು 1968ರಲ್ಲಿ ಎರಡು ಬಾರಿ ತಿರಸ್ಕರಿಸಿದ್ದಾರೆ.

ಹಾಗಿದ್ದರೆ ಬದಲಾವಣೆ ಏಕೆ ಬರುತ್ತಿಲ್ಲ? ಬದಲಿಸುವ ಅಧಿಕಾರವಿರುವವರು ಹಳೆಯ ಪದ್ಧತಿಯಿಂದಲೇ ಗೆದ್ದುಬಂದವರು. 2015ರ ಚುನಾವಣೆಯೇ ಈ ಪದ್ಧತಿಯ ಕೊನೆಯ ಚುನಾವಣೆ ಎಂದು ಕೆನಡಾದ ಜಸ್ಟಿನ್ ಟ್ರುಡೊ ಮಾತು ಕೊಟ್ಟಿದ್ದರು. ಅವರ ಪಕ್ಷ ಶೇ 39.5ರಷ್ಟು ಮತದಿಂದ ಸ್ಪಷ್ಟ ಬಹುಮತ ಪಡೆಯಿತು. 2017ರಲ್ಲಿ ಆ ಭರವಸೆಯನ್ನು ಕೈಬಿಡಲಾಯಿತು. 2019ರಲ್ಲಿ ಎದುರಾಳಿ ಕನ್ಸರ್ವೇಟಿವ್ ಪಕ್ಷಕ್ಕಿಂತ ಕಡಿಮೆ ಮತ ಪಡೆದರೂ ಅವರೇ ಅಧಿಕಾರದಲ್ಲಿ ಮುಂದುವರಿದರು.