ಗಿಲ್ ಹೋಯ್ತಂತೆ, ನನ್ನ ಪ್ರೋಗ್ರಾಂ ಮಾತ್ರ ಹಾಗೇ ಇದೆಯಲ್ಲ?

ಪ್ರಶ್ನೆ: ಪೈಥಾನ್ 3.14ರಲ್ಲಿ ಗಿಲ್ ತೆಗೆದಿದ್ದಾರೆ ಅಂತ ಕೇಳಿ ಹೊಸದನ್ನು ಹಾಕಿಕೊಂಡೆ. ಲ್ಯಾಪ್‌ಟಾಪಿನಲ್ಲಿ ಎಂಟು ಕೋರ್ ಇವೆ. ಪ್ರೋಗ್ರಾಂ ಮೊದಲಿನಷ್ಟೇ ನಿಧಾನ. ಯಾಕೆ?

ಮತ್ತೆ ಇದೇ ಪ್ರಶ್ನೆ! ಇರಲಿ, ಇನ್ನೊಂದು ಸಲ ಹೇಳುತ್ತೇನೆ.

ಗಿಲ್ ಅಂದರೆ ಗ್ಲೋಬಲ್ ಇಂಟರ್‌ಪ್ರೆಟರ್ ಲಾಕ್: ಒಂದು ಹೊತ್ತಿಗೆ ಒಂದೇ ಥ್ರೆಡ್ (ಪ್ರೋಗ್ರಾಂ ಒಳಗಿನ ಕೆಲಸದ ಒಂದು ಎಳೆ) ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ. ನೀವು ಹಾಕಿಕೊಂಡಿದ್ದರಲ್ಲಿ ಅದು ಇನ್ನೂ ಇದೆ. ಗಿಲ್ ಇಲ್ಲದ ಪೈಥಾನ್ ಬೇರೆಯೇ ಒಂದು ಬಿಲ್ಡ್, ಅಂದರೆ ಬೇರೆಯಾಗಿ ತಯಾರಿಸಿದ ಪ್ರತಿ. ಅದರ ಹೆಸರಿನ ಕೊನೆಗೆ 'ಟಿ' ಅಕ್ಷರ ಇರುತ್ತದೆ. 2024ರ ಅಕ್ಟೋಬರಿನಲ್ಲಿ 3.13ರ ಜೊತೆ ಪ್ರಯೋಗ ಅಂತ ಬಂತು, 2025ರ ಅಕ್ಟೋಬರಿನಲ್ಲಿ 3.14ರ ಹೊತ್ತಿಗೆ ಅಧಿಕೃತ ಬೆಂಬಲ ಸಿಕ್ಕಿತು. ಬೆಂಬಲ ಸಿಕ್ಕಿದೆ ಅಷ್ಟೇ, ಡೀಫಾಲ್ಟ್ ಆಗಿಲ್ಲ. ಯುವಿ (ಪೈಥಾನ್ ಇನ್‌ಸ್ಟಾಲ್ ಮಾಡಿಕೊಡುವ ಟೂಲ್) ಬಳಸುವವರಾದರೆ ಆವೃತ್ತಿ ಸಂಖ್ಯೆಯ ಪಕ್ಕ ಆ 'ಟಿ' ಸೇರಿಸಿ ಇನ್‌ಸ್ಟಾಲ್ ಮಾಡಿ, ಹಳೆಯದರ ತಂಟೆಗೆ ಹೋಗದೆ ಪಕ್ಕದಲ್ಲಿ ಕೂರುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ನಂಬಿಕೆ ಮಾತ್ರ ಅಲುಗಾಡುವುದಿಲ್ಲ. 'ಟಿ ಹಾಕಿದ್ರೆ ಎಂಟು ಪಟ್ಟು ವೇಗ, ಅಲ್ವಾ ಸಾರ್?' ಅಲ್ಲ. ಖಂಡಿತ ಅಲ್ಲ.

ಒಂದು ಹೋಟೆಲ್ ಅಡುಗೆಮನೆ ಅಂದುಕೊಳ್ಳಿ. ನಾಲ್ಕು ಕಾವಲಿ, ನಾಲ್ಕು ಜನ ಭಟ್ಟರು. ಆದರೆ ಹಿಟ್ಟು ಹುಯ್ಯುವ ಸೌಟು ಒಂದೇ. ಸೌಟು ಯಾರ ಕೈಯಲ್ಲಿದೆಯೋ ಅವರದ್ದೇ ಕೆಲಸ. ಭಟ್ಟರೇ ಥ್ರೆಡ್‌ಗಳು, ಆ ಸೌಟೇ ಗಿಲ್. ಒಬ್ಬರು ಹಿಟ್ಟಿಗೆ ಕಾಯುತ್ತಾ ನಿಂತರೆ ಸೌಟನ್ನು ಪಕ್ಕದವರಿಗೆ ಕೊಡುತ್ತಾರೆ. ಅದಕ್ಕೇ ನೂರು ಫೈಲ್ ಡೌನ್‌ಲೋಡ್ ಮಾಡುವ ಪ್ರೋಗ್ರಾಂಗೆ ಗಿಲ್ ಇದ್ದಾಗಲೂ ಥ್ರೆಡ್‌ನಿಂದ ಲಾಭ ಇತ್ತು, ಕಾಯುವ ಹೊತ್ತಿನಲ್ಲಿ ಥ್ರೆಡ್ ಗಿಲ್ಲನ್ನು ಬಿಟ್ಟುಕೊಡುತ್ತದೆ. ಲೆಕ್ಕಕ್ಕೆ ಬಳಸುವ ಲೈಬ್ರರಿ ನಂಪೈ ಕೂಡ ಹಲವು ದೊಡ್ಡ ಲೆಕ್ಕಗಳಲ್ಲಿ ಗಿಲ್ ಬಿಟ್ಟೇ ಕೆಲಸ ಮಾಡುತ್ತದೆ. ಪೆಟ್ಟು ಬೀಳುತ್ತಿದ್ದದ್ದು ಶುದ್ಧ ಪೈಥಾನಿನಲ್ಲೇ ಲೆಕ್ಕ ಹಾಕುವ ಕೆಲಸಕ್ಕೆ.

'ಟಿ' ಬಿಲ್ಡಿನಲ್ಲಿ ಪ್ರತಿಯೊಬ್ಬ ಭಟ್ಟರಿಗೂ ಒಂದೊಂದು ಸೌಟು. ಸರಿ. ಆದರೆ ನಿಮ್ಮ ಪ್ರೋಗ್ರಾಂ ತೆರೆದು ನೋಡಿ: ಒಂದು ಫಾರ್ ಲೂಪ್, ಮೇಲಿಂದ ಕೆಳಗೆ ಓಡುತ್ತದೆ, ಥ್ರೆಡ್ ಎಂಬ ಪದವೇ ಇಲ್ಲ. ಅಡುಗೆಮನೆಯಲ್ಲಿ ಇರುವವರೇ ಒಬ್ಬ ಭಟ್ಟರು! ಅವರ ಕೈಗೆ ಎಂಟು ಸೌಟು ತುರುಕಿದರೆ ದೋಸೆ ಜಾಸ್ತಿ ಆಗುತ್ತದೆಯೇ? ಕೆಲಸವನ್ನು ಹಂಚಬೇಕಾದವರು ನೀವು. ಪೈಥಾನ್ ತಾನಾಗಿ ಹಂಚುವುದಿಲ್ಲ, ಹಂಚುತ್ತೇನೆ ಅಂತ ಯಾವತ್ತೂ ಹೇಳಿಯೂ ಇಲ್ಲ.

ಹಂಚದೆ ಸುಮ್ನೆ 'ಟಿ' ಹಾಕಿಕೊಂಡರೆ ಸ್ವಲ್ಪ ನಿಧಾನವೇ ಆಗುತ್ತದೆ. 3.14ರಲ್ಲಿ ಒಂದೇ ಥ್ರೆಡ್ಡಿನ ಕೋಡಿಗೆ ಸುಮಾರು 5ರಿಂದ 10 ಶೇಕಡಾ ಹೊರೆ. ಪೈಥಾನ್ ಪ್ರತಿ ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದಾರೆ ಅಂತ ಎಣಿಸಿಡುತ್ತದೆ. ಎರಡು ಥ್ರೆಡ್ ಒಟ್ಟಿಗೆ ಆ ಎಣಿಕೆ ತಿದ್ದಿದರೆ ಲೆಕ್ಕ ತಪ್ಪುತ್ತದೆ, ಇನ್ನೂ ಬೇಕಾಗಿರುವ ಆಬ್ಜೆಕ್ಟ್ ಮೆಮೊರಿಯಿಂದ ಮಾಯ. ಗಿಲ್ ಇದನ್ನು ಒಂದೇ ಬೀಗದಲ್ಲಿ ಕಾಯುತ್ತಿತ್ತು. ಆ ಬೀಗ ತೆಗೆದ ಮೇಲೆ ಎಚ್ಚರಿಕೆಯ ಎಣಿಕೆ ಬೇಕು, ಅದಕ್ಕೆ ಖರ್ಚಿದೆ. ಗಿಲ್ ಕೀಳುವ ಪ್ರಯತ್ನ 1990ರ ದಶಕದಲ್ಲೇ ಆಗಿತ್ತು, ಈ ಖರ್ಚಿನಿಂದಲೇ ಬಿದ್ದುಹೋಯಿತು. ಪ್ರೋಗ್ರಾಮರ್ ಸ್ಯಾಮ್ ಗ್ರೋಸ್ ಆ ಖರ್ಚನ್ನು ಇಷ್ಟಕ್ಕೆ ಇಳಿಸುವ ದಾರಿ ತೋರಿಸಿದರು, 2023ರಲ್ಲಿ ಅವರ ಪೆಪ್ 703 (ಪೈಥಾನಿಗೆ ಬದಲಾವಣೆ ಸೂಚಿಸುವ ಪ್ರಸ್ತಾವ) ಒಪ್ಪಿಗೆಯಾಯಿತು. ಸಣ್ಣ ಕೆಲಸ ಅಲ್ಲ.

ಇನ್ನೊಂದು ಕಿರಿಕಿರಿ. ಗಿಲ್ ಇಲ್ಲದೆ ಓಡಬಲ್ಲೆ ಎಂದು ಹೇಳಿಕೊಳ್ಳದ ಒಂದು ಸಿ ಎಕ್ಸ್‌ಟೆನ್ಶನ್ (ಸಿ ಭಾಷೆಯಲ್ಲಿ ಬರೆದ ಪೈಥಾನ್ ಮಾಡ್ಯೂಲ್) ಇಂಪೋರ್ಟ್ ಮಾಡಿದರೂ ಸಾಕು, ಗಿಲ್ ಮತ್ತೆ ಆನ್ ಆಗುತ್ತದೆ. ವಾರ್ನಿಂಗ್ ಬರುತ್ತದೆ. ಓದಿ, ದಯವಿಟ್ಟು.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. 'ಗಿಲ್ ಇತ್ತಲ್ಲ, ಅದಕ್ಕೇ ಲಾಕ್ ಹಾಕಿರಲಿಲ್ಲ' ಅನ್ನುವವರು ಬಹಳ. ಲಾಕ್ ಅಂದರೆ ನಿಮ್ಮ ಕೋಡಿನ ಒಂದು ಭಾಗಕ್ಕೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಬಿಡುವಂತೆ ನೀವೇ ಹಾಕುವ ಬೀಗ. ಗಿಲ್ ಕಾಯುತ್ತಿದ್ದದ್ದು ಪೈಥಾನಿನ ಒಳಗಿನ ಲೆಕ್ಕವನ್ನು, ನಿಮ್ಮ ಲೆಕ್ಕವನ್ನಲ್ಲ. ಒಂದು ಕೌಂಟರಿಗೆ 1 ಕೂಡಿಸುವುದು ಮೂರು ಹೆಜ್ಜೆ: ಓದು, ಕೂಡಿಸು, ಬರೆ. ಗಿಲ್ ಇದ್ದಾಗಲೂ ಆ ಮೂರು ಒಟ್ಟಿಗೇ ಮುಗಿಯುತ್ತವೆ ಎಂಬ ಗ್ಯಾರಂಟಿ ಇರಲಿಲ್ಲ. ನಿಮ್ಮ ಅದೃಷ್ಟ, ನಡೆದುಹೋಗುತ್ತಿತ್ತು. ಈಗ 'ಟಿ' ಬಿಲ್ಡಿನಲ್ಲಿ ಎರಡು ಥ್ರೆಡ್ ತೆಗೆದುಕೊಂಡು, ಒಂದೇ ಕೌಂಟರಿಗೆ ತಲಾ ಒಂದು ಲಕ್ಷ ಸಲ 1 ಕೂಡಿಸಿ ನೋಡಿ. ಎರಡು ಲಕ್ಷ ಬರಬೇಕಾದ ಕಡೆ ಕಡಿಮೆ ಬಂದೀತು. ಮತ್ತೆ ಓಡಿಸಿ, ಬೇರೆ ಸಂಖ್ಯೆ ಬಂದೀತು. ಆಮೇಲೆ ಅದೇ ಕೋಡಿಗೆ ಲಾಕ್ ಹಾಕಿ ಓಡಿಸಿ.