ಬುರುಡೆ ದಾಟುವ ಧ್ವನಿ

ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡುಸಿಕ್ 1940ರ ದಶಕದಲ್ಲಿ ತಲೆಯ ಒಂದು ಬದಿಯಿಂದ ಅಲ್ಟ್ರಾಸೌಂಡ್ ಹಾಯಿಸಿ, ಇನ್ನೊಂದು ಬದಿಯಲ್ಲಿ ಹಿಡಿದು, ಚಿತ್ರ ಮೂಡಿಸಿದರು. ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳೇ ಅಲ್ಲಿ ಕಾಣುತ್ತಿವೆ ಎಂದು ಅವರು ನಂಬಿದ್ದರು. 1950ರ ದಶಕದ ಆರಂಭದಲ್ಲಿ ಬೇರೆ ಸಂಶೋಧಕರು ಮಿದುಳೇ ಇಲ್ಲದ ಬುರುಡೆಯನ್ನು ನೀರಿನಲ್ಲಿಟ್ಟು ಪರೀಕ್ಷಿಸಿದರು. ಹೆಚ್ಚುಕಡಿಮೆ ಅಂಥದೇ ಚಿತ್ರ ಬಂತು! ಡುಸಿಕ್ ಕಂಡಿದ್ದು ಮೂಳೆಯ ದಪ್ಪ-ತೆಳುಗಳನ್ನು.

ಬಸಿರಿನಲ್ಲಿರುವ ಕೂಸಿನ ಬೆರಳು ತೋರಿಸುವ ಯಂತ್ರ ದೊಡ್ಡವರ ತಲೆಯೆದುರು ಸೋಲುವುದೇಕೆ? ಮೂಳೆ ಧ್ವನಿಯನ್ನು ಹೀರುತ್ತದೆ, ಚದುರಿಸುತ್ತದೆ. ಅದು ಅರ್ಧ ಉತ್ತರ. ಹೆಚ್ಚು ಕಿತಾಪತಿ ಮಾಡುವುದು ವೇಗ. ಮೆದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ಸಾಗುವ ಧ್ವನಿ ಗಟ್ಟಿ ಮೂಳೆಯಲ್ಲಿ ಸುಮಾರು 3,000 ಮೀಟರ್ ಓಡುತ್ತದೆ. ಒಂದು ಕಡೆ ಮೂಳೆ ಒಂದೇ ಮಿಲಿಮೀಟರ್ ಹೆಚ್ಚು ದಪ್ಪವಿದ್ದರೂ ಅಲ್ಲಿ ಹಾದ ಅಲೆ ಪಕ್ಕದ ಅಲೆಗಿಂತ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಮೂರನೇ ಒಂದರಷ್ಟು ಮುಂಚೆ ತಲುಪುತ್ತದೆ. ಜುಜುಬಿ ಅನ್ನಿಸಬಹುದು. ಆದರೆ 2 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 20 ಲಕ್ಷ ಸಲ ಕಂಪಿಸುವ, ಅಲೆಗೆ ಅದು ಅರ್ಧ ಆವರ್ತಕ್ಕಿಂತ ಹೆಚ್ಚು: ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಚಿತ್ರ ಕಲಸಿಹೋಗುತ್ತದೆ.

ಹಸುಗೂಸುಗಳಲ್ಲಿ ಈ ತೊಡಕಿಲ್ಲ, ನೆತ್ತಿಯ ಮೆತ್ತನೆಯ ಭಾಗದ ಮೂಲಕವೇ ನೋಡಬಹುದು. ದೊಡ್ಡವರಿಗೆ ಉಳಿದಿರುವುದು ಕಣತಲೆಯ ತೆಳು ಮೂಳೆ. 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ಅಲ್ಲಿಂದಲೇ ಮಿದುಳಿನ ರಕ್ತದ ವೇಗವನ್ನು ಅಳೆದರು. ಅದು ವೇಗದ ಲೆಕ್ಕ ಕೊಟ್ಟಿತೇ ಹೊರತು ಸೂಕ್ಷ್ಮ ನಾಳಗಳ ಚಿತ್ರವನ್ನಲ್ಲ.

ಮೂಳೆ ಮಾಡುವ ವಿಕಾರ ಗೊತ್ತಾದರೆ ಲೆಕ್ಕ ಹಾಕಿ ಕಳೆಯಬಹುದು. ಅದನ್ನು ಅಳೆಯುವ ಬಗೆ? ಸಿಟಿ ಸ್ಕ್ಯಾನ್ ಒಂದು ದಾರಿ. ಕೈನಡುಕಕ್ಕೆ ಅಲ್ಟ್ರಾಸೌಂಡ್ ಕೇಂದ್ರೀಕರಿಸಿ ಚಿಕಿತ್ಸೆ ಮಾಡುವವರು ಹಾಗೆಯೇ ಮಾಡುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಪ್ಯಾರಿಸ್‌ನ ಮಿಕಾಯೆಲ್ ಟಾಂಟೆರ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಉಪಾಯ. ಕೆಲವೇ ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಅನಿಲದ ಗುಳ್ಳೆಗಳನ್ನು ರಕ್ತನಾಳಕ್ಕೆ ಚುಚ್ಚುಮದ್ದಿನಂತೆ ಕೊಡುತ್ತಾರೆ. ಒಂಟಿ ಗುಳ್ಳೆಯ ಪ್ರತಿಧ್ವನಿ ತಲೆಗೆ ಒತ್ತಿಹಿಡಿದ ಪ್ರೋಬ್‌ಗೆ ನುಣುಪಾದ ಕಮಾನಿನಂತೆ ಬರಬೇಕು. ಮೂಳೆ ಅದನ್ನು ಸೊಟ್ಟಗೆ ಮಾಡಿರುತ್ತದೆ. ಆ ಸೊಟ್ಟೇ ಮೂಳೆಯ ಅಳತೆ! ತಿದ್ದಿದ ಮೇಲೆ ಅಸಂಖ್ಯ ಗುಳ್ಳೆಗಳ ನಡುಬಿಂದುಗಳನ್ನು ಗುರುತು ಹಾಕುತ್ತ, ಅವುಗಳ ಜಾಡು ಹಿಡಿಯುತ್ತ ಹೋದರೆ ನಾಳಗಳ ನಕ್ಷೆ ಮೂಡುತ್ತದೆ. ಮುಕ್ಕಾಲು ಮಿಲಿಮೀಟರ್ ಉದ್ದದ ಅಲೆಯಿಂದ 25 ಮೈಕ್ರೋಮೀಟರ್‌ವರೆಗಿನ ಸೂಕ್ಷ್ಮತೆ ಸಿಕ್ಕಿತು. ಮಿದುಳಿನ ಆಳದ ನಾಳವೊಂದು ಊದಿಕೊಂಡಲ್ಲಿ ರಕ್ತ ಸುಳಿಸುತ್ತುವುದೂ ಕಂಡಿತು.

ಕೊರತೆಗಳಿವೆ. ಸಾಕಷ್ಟು ಗುಳ್ಳೆಗಳು ಹಾದುಹೋಗುವವರೆಗೆ ಕಾಯಬೇಕು, ಅಷ್ಟರಲ್ಲಿ ತಲೆ ಅಲುಗಿದರೆ ಅದನ್ನೂ ಸರಿಪಡಿಸಬೇಕು. ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಕಣತಲೆಯ ಮೂಳೆಯೂ ಧ್ವನಿಗೆ ದಾರಿ ಬಿಡುವುದಿಲ್ಲ. ಮಿದುಳಿನ ನಾಳಗಳು ಕೆಟ್ಟು ಬರುವ ಪಾರ್ಶ್ವವಾಯು ಹೆಚ್ಚಾಗಿ ಬಡಿಯುವುದು ಆ ವಯಸ್ಸಿನವರನ್ನೇ.