ಹಳೆಯ ಪಿಕಪ್‌ನ ಪತ್ರಾ ಜೋಡಣೆ: ಬಾಗಿಲಿನ ಸಂದನ್ನು ಓದುವುದು

ಬೆಳಗಾವಿಯ ಉದ್ಯಮಬಾಗದಲ್ಲಿ ಟಿಂಕರಿಂಗ್ ಕಲಿಯಲು ಸೇರಿ ನನಗೆ ಇದು ಎರಡನೆಯ ವರ್ಷ. ಈ ಮಳೆಗಾಲ ಪೂರ್ತಿ ಒಂದೇ ಗಾಡಿಯ ಮೇಲೆ ಕೆಲಸ ಮಾಡಿದೆ: ಷೆವರ್ಲೆ 3100 ಪಿಕಪ್. 1947ರಿಂದ 1955ರವರೆಗೆ ತಯಾರಾದ ಸರಣಿಯದು. ಬಾಗಿಲಿನಲ್ಲಿ ತ್ರಿಕೋನಾಕಾರದ ಪುಟ್ಟ ಗಾಜು ಇರುವುದರಿಂದ 1951ರದ್ದು ಅಥವಾ ಆಮೇಲಿನದು ಎಂದು ತಿಳಿಯುತ್ತದೆ. ಅದರ ಪತ್ರಾಗಳನ್ನು, ಅಂದರೆ ಹೊರಮೈಯ ತಗಡುಗಳನ್ನು, ಹೊಂದಿಸುವಾಗ ಬರೆದಿಟ್ಟುಕೊಂಡದ್ದನ್ನು ನನ್ನಂತೆ ಕಲಿಯುತ್ತಿರುವವರಿಗಾಗಿ ಬಿಡಿಸಿ ಹೇಳುತ್ತೇನೆ.

ಸಂದು, ಅಂದರೆ ಬಾಗಿಲಿಗೂ ಅದರ ಸುತ್ತಲಿನ ಪತ್ರಾಕ್ಕೂ ನಡುವಿನ ಬಿರುಕು, ಎಲ್ಲಿ ಕೆಟ್ಟು ಕಾಣುತ್ತದೋ ಅಲ್ಲಿಗೇ ಪಾನಾ ಹಾಕುವುದು ನಮ್ಮೆಲ್ಲರ ಮೊದಲ ತಪ್ಪು. ಬಲ್ಲ ಬಡಗಿ ಬಾಗಿಲಿಗೆ ಉಳಿ ತಾಗಿಸುವ ಮೊದಲು ಚೌಕಟ್ಟಿಗೆ ತೂಗುಗುಂಡು ಇಳಿಬಿಟ್ಟು ನೋಡುತ್ತಾನೆ. ನಮ್ಮ ಚೌಕಟ್ಟು ಕ್ಯಾಬಿನ್. ಅದು ಕೂತಿರುವುದು ಚಾಸಿಯ, ಅಂದರೆ ಗಾಡಿಯ ಅಡಿಗಟ್ಟಿನ ಮೇಲೆ. ಆದ್ದರಿಂದ ಲೆಕ್ಕ ಕೆಳಗಿನಿಂದ ಶುರುವಾಗಬೇಕು.

ಗಾಡಿ ಸಮನೆಲದಲ್ಲಿ ತನ್ನ ಟೈರುಗಳ ಮೇಲೇ ನಿಂತಿರಲಿ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಅವುಗಳ ಜಾಗದಲ್ಲಿರಲಿ. ಮೊದಲ ಸಲ ನಾನು ಚಾಸಿಯನ್ನು ಸ್ಟ್ಯಾಂಡುಗಳ ಮೇಲಿಟ್ಟು, ಎಂಜಿನ್ ಇಲ್ಲದೆಯೇ ಬಾಗಿಲುಗಳನ್ನು ಹೊಂದಿಸಿದ್ದೆ. ಎಂಜಿನ್ ಕೂರಿಸಿ ಗಾಡಿಯನ್ನು ಕೆಳಗಿಳಿಸಿದಾಗ ಬಲಬಾಗಿಲಿನ ಹಿಂದಿನ ಸಂದು ಮೇಲ್ಗಡೆ ಅಗಲವಾಗಿತ್ತು. ಮುಂಭಾಗದ ಭಾರಕ್ಕೆ ಚಾಸಿ ಕೊಂಚ ಬಾಗಿತ್ತು. ಅದರ ಜೊತೆಗೆ ಕ್ಯಾಬಿನ್ನಿನ ಮುಂಗಡೆಯೂ ಇಳಿದಿತ್ತು. ಎರಡು ದಿನದ ಕೆಲಸ ವ್ಯರ್ಥವಾಯಿತು.

ಚಾಸಿಯ ಎರಡು ಕರ್ಣಗಳನ್ನು ದಾರ ಎಳೆದು ಅಳೆಯಿರಿ, ಎರಡೂ ಒಂದೇ ಬರಬೇಕು. ಈ ಮಾದರಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ 116 ಇಂಚು ಇರುತ್ತದೆ; ಎಡಕ್ಕೂ ಬಲಕ್ಕೂ ಅಷ್ಟೇ ಇರಬೇಕು. ಆಮೇಲೆ ಕ್ಯಾಬಿನ್ನಿನ ಕೆಳಗಿನ ರಬ್ಬರುಗಳು. ಹಳೆಯವು ಒಂದೊಂದು ಒಂದೊಂದು ದಪ್ಪಕ್ಕೆ ಕುಗ್ಗಿರುತ್ತವೆ, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಬೋಲ್ಟುಗಳನ್ನು ಈಗಲೇ ಪೂರ್ತಿ ಬಿಗಿಯಬೇಡಿ.

ಇನ್ನು ಬಾಗಿಲು. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಭಾಗ. ಅಂಚಿನ ರಬ್ಬರನ್ನೂ ಲಾಕು ಸಿಕ್ಕಿಕೊಳ್ಳುವ ಕೊಂಡಿಯನ್ನೂ ಕಳಚಿಡಿ. ಇಲ್ಲವಾದರೆ ಕೊಂಡಿ ಬಾಗಿಲನ್ನು ಎತ್ತಿ ಹಿಡಿದು ನಿಜವಾದ ಸ್ಥಿತಿಯನ್ನು ಮರೆಮಾಚುತ್ತದೆ. ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಹಿಡಿದು ಮೇಲಕ್ಕೆತ್ತಿ. ಅಲುಗಾಡಿದರೆ ಬಿಜಾಗರಿಯ ಪಿನ್ನು, ಬುಷ್ಷು ಸವೆದಿವೆ ಎಂದರ್ಥ. ಅವನ್ನು ಬದಲಿಸದೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಒಂದು ದಿನ ಹಿಂದಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿತ್ತು. ನಾನು ಬಿಜಾಗರಿಯ ಬೋಲ್ಟು ಸಡಿಲಿಸಲು ಹೊರಟೆ. ಮೇಸ್ತ್ರಿ ತಡೆದರು: “ತಮ್ಮಾ, ಪಾನಾ ಕೆಳಗಿಡು. ಮುಂದಿನ ಸಂದು ನೋಡಿದೆಯಾ?” ಮುಂದಿನ ಸಂದು ಮೇಲಿಂದ ಕೆಳಗಿನವರೆಗೆ ಸಮವಾಗಿತ್ತು. ಬಾಗಿಲು ಬಿಜಾಗರಿಯಲ್ಲಿ ಜೋತುಬಿದ್ದಿದ್ದರೆ ಮುಂದಿನ ಸಂದೂ ಮೇಲ್ಗಡೆ ಬಿಚ್ಚಿಕೊಳ್ಳಬೇಕಿತ್ತು. ಮುಂದೆ ಸಮ, ಹಿಂದೆ ಓರೆ ಎಂದರೆ ಬಾಗಿಲು ತನ್ನ ಬಿಜಾಗರಿ ಕೂತ ಕಂಬದೊಂದಿಗೇ ವಾಲಿದೆ, ಅಂದರೆ ಕ್ಯಾಬಿನ್ನಿನ ಚೌಕಟ್ಟೇ ಓರೆಯಾಗಿದೆ. ಕ್ಯಾಬಿನ್ನಿನ ಮುಂದಿನ ರಬ್ಬರಿನ ಕೆಳಗೆ ಪ್ಯಾಕಿಂಗ್ (ಎತ್ತರ ಹೊಂದಿಸಲು ಇಡುವ ತೆಳು ಪಟ್ಟಿಗಳು) ಹೆಚ್ಚಾಗಿ ಕ್ಯಾಬಿನ್ನಿನ ಮುಂಗಡೆ ಮೇಲೆದ್ದಿತ್ತು. ಒಂದು ಪಟ್ಟಿ ತೆಗೆದೆವು, ಬಿಜಾಗರಿಯನ್ನು ಮುಟ್ಟದೆಯೇ ಹಿಂದಿನ ಸಂದು ಸಮನಾಯಿತು. ನನ್ನ ಸ್ಟ್ಯಾಂಡಿನ ತಪ್ಪಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ ಎಂಬುದು ಆಗ ಹೊಳೆಯಿತು.

ಬಿಜಾಗರಿಯನ್ನೇ ಸರಿಸಬೇಕಾದಾಗ ಒಂದು ವಿಷಯ ನೆನಪಿರಲಿ. ಅದರ ರೆಕ್ಕೆ ತಾನು ಅಂಟಿಕೊಂಡ ಮೇಲ್ಮೈಯ ಉದ್ದಗಲದಲ್ಲಿ ಮಾತ್ರ ಜಾರಬಲ್ಲದು. ಆ ಮೇಲ್ಮೈಯಿಂದ ಹೊರಕ್ಕೆ ಬರಬೇಕಾದರೆ ಪ್ಯಾಕಿಂಗ್ ಬೇಕು. ಒಂದು ಸಲಕ್ಕೆ ಒಂದೇ ಬಿಜಾಗರಿಯನ್ನು ಸಡಿಲಿಸಿ, ಬಾಗಿಲಿನ ಕೆಳಗೆ ಜಾಕಿನ ಮೇಲೆ ಮರದ ತುಂಡಿಟ್ಟು ಆಸರೆ ಕೊಡಿ.

ಬೆಳಗಾವಿಯ ಮಳೆಗೆ ನಿಂತ ಗಾಡಿಗಳಲ್ಲಿ ಬಾಗಿಲಿನ ಕೆಳಗಿನ ಹೊಸ್ತಿಲ ಪತ್ರಾ ಮತ್ತು ಕ್ಯಾಬಿನ್ನಿನ ಹಿಂದಿನ ಮೂಲೆಗಳು ತುಕ್ಕು ಹಿಡಿದಿರುತ್ತವೆ. ಹೊಸ್ತಿಲನ್ನು ಕತ್ತರಿಸುವ ಮೊದಲು ಬಾಗಿಲ ತೆರವಿಗೆ ಅಡ್ಡಪಟ್ಟಿ ಬೆಸೆಯಿರಿ. ಹೊಸ ಪತ್ರಾವನ್ನು ಮೊದಲು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಬಾಗಿಲು ಹಾಕಿ ನೋಡಿ, ಆಮೇಲೆ ಪೂರ್ತಿ ಬೆಸೆಯಿರಿ.

ಸಂದು ಎಷ್ಟಿರಬೇಕು? ನಾವು ಇಟ್ಟುಕೊಂಡದ್ದು ಒಂದೂವರೆ ಸೂತು, ಅಂದರೆ ಸುಮಾರು 5 ಮಿ.ಮೀ. ಅಷ್ಟು ದಪ್ಪದ ಮರದ ಪಟ್ಟಿಯನ್ನು ಸಂದಿನುದ್ದಕ್ಕೂ ಓಡಿಸಿ ನೋಡುತ್ತೇವೆ. ನನ್ನ ಮಟ್ಟಿಗೆ, ಕಿರಿದಾದ ಸಂದಿಗಿಂತ ಒಂದೇ ಸಮನಾದ ಸಂದು ಮೇಲು. ಪ್ರೈಮರ್ ಮತ್ತು ಬಣ್ಣದ ಪದರಗಳು ಎರಡೂ ಅಂಚು ಸೇರಿ ಕಾಲರಿಂದ ಅರ್ಧ ಮಿ.ಮೀ. ತಿನ್ನುತ್ತವೆ, ಆ ಜಾಗವನ್ನೂ ಬಿಡಿ. ಸಂದು ಅಗಲವಾಗಿದೆಯೆಂದು ಅಂಚಿಗೆ ಪುಟ್ಟಿ ಮೆತ್ತಬೇಡಿ, ಅದು ಚಕ್ಕೆ ಎದ್ದು ಉದುರುತ್ತದೆ. ಅಂಚಿಗೆ ಬೆಸುಗೆಯಿಂದ ಲೋಹ ತುಂಬಿ, ಪ್ರತಿ ಚುಕ್ಕೆಯೂ ತಣಿಯಲು ಬಿಟ್ಟು, ಉಜ್ಜಿ ಸಮ ಮಾಡಿ.

ಎರಡೂ ಬಾಗಿಲು ನಿಂತ ಮೇಲೆ ಮುಂದಿನ ಕೆಲಸ ಬೇಗ ಸಾಗುತ್ತದೆ. ರೇಡಿಯೇಟರಿನ ಚೌಕಟ್ಟು, ಮಡ್‌ಗಾರ್ಡುಗಳು, ಬಾನೆಟ್ ಈ ಕ್ರಮದಲ್ಲಿ ಬರುತ್ತವೆ. ಬಾನೆಟ್ ಓರೆಯಾಗಿ ಕಂಡರೆ ರೇಡಿಯೇಟರ್ ಚೌಕಟ್ಟಿನ ಕೆಳಗಿನ ಪ್ಯಾಕಿಂಗನ್ನು ಮೊದಲು ನೋಡಿ. ಎರಡೂ ಮಡ್‌ಗಾರ್ಡುಗಳ ಮೂತಿ ಅದರ ಜೊತೆಗೇ ಏರಿಳಿಯುತ್ತದೆ. ಹಿಂದಿನ ತೊಟ್ಟಿ ಕೊನೆಯದು. ಅದನ್ನು ಕ್ಯಾಬಿನ್ನಿಗೆ ಸಮಾಂತರವಾಗಿ ನಿಲ್ಲಿಸಿದರೆ ಸಾಕು.

ಎಲ್ಲವೂ ಹೊಂದಿದ ಮೇಲೆ ಬಣ್ಣಕ್ಕಾಗಿ ಬಿಚ್ಚುವ ಮುನ್ನ ಪ್ರತಿ ಬಿಜಾಗರಿಯ ರೆಕ್ಕೆ ಮತ್ತು ಅದರ ಹಿಂದಿನ ಪತ್ರಾ ಎರಡನ್ನೂ ಸೇರಿಸಿ 3 ಮಿ.ಮೀ.ನ ಎರಡು ತೂತು ಕೊರೆಯಿರಿ. ಬಣ್ಣ ಒಣಗಿದ ಮೇಲೆ ಅದೇ ಡ್ರಿಲ್ ಬಿಟ್ಟುಗಳನ್ನು ತೂತಿನಲ್ಲಿ ತೂರಿಸಿ ಬೋಲ್ಟು ಬಿಗಿದರೆ ಬಾಗಿಲು ಮೊದಲಿದ್ದ ಜಾಗಕ್ಕೇ ಬಂದು ಕೂರುತ್ತದೆ. ಆಮೇಲೆ ರಬ್ಬರು ಅಂಟಿಸಿ. ಹೊಸ ರಬ್ಬರು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ, ಕೆಲವು ವಾರ ಮುಚ್ಚಿಟ್ಟರೆ ಒತ್ತಿಕೊಳ್ಳುತ್ತದೆ. ಕಳಚಿಟ್ಟ ಕೊಂಡಿಯನ್ನು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ.